ಮೇಲಿನ ಖಾನೆಯ ಮಣ್ಣು

ಪರಸವ್ವ ನನ್ನ ಲ್ಯಾಬಿಗೆ ಕೆಲಸ ಕೇಳಿಕೊಂಡು ಬಂದವಳಲ್ಲ, ತಪ್ಪು ಹುಡುಕಿಕೊಂಡು ಬಂದವಳು. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ, ಒಂದು ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಮಣ್ಣು, ನೀರು ಪರೀಕ್ಷೆ ಮಾಡುವ ನನ್ನದೊಂದು ಸಣ್ಣ ಲ್ಯಾಬ್ ಇದೆ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು ಚೀಲದಲ್ಲಿ ಮಣ್ಣು, ಬಾಟಲಿಯಲ್ಲಿ ಬೋರಿನ ನೀರು ತಂದುಕೊಟ್ಟು, ವರದಿ ನಾಳೆಯೇ ಬೇಕೆಂದು ಜಗಳ ತೆಗೆಯುತ್ತಾರೆ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಲ್ಯಾಬಿನಲ್ಲಿ ಗದ್ದಲಕ್ಕೆ ಕೊರತೆಯಿಲ್ಲ. ಏಳು ವರ್ಷದ ಹಿಂದೆ ಅಂಥ ಒಂದು ಮಧ್ಯಾಹ್ನ ಪರಸವ್ವ ಸೆರಗಿನ ತುದಿಗೆ ಹಿಡಿ ಮಣ್ಣು ಗಂಟು ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದಳು. ನಾನು ಯಾರದೋ ಮಣ್ಣನ್ನು ಕಲ್ಲಿನಲ್ಲಿ ಕುಟ್ಟುತ್ತಿದ್ದೆ.

“ಹಂಗ ಕುಟ್ಟಬ್ಯಾಡ್ರಿ ಬಾಯಾರ,” ಎಂದಳು. ನಮಸ್ಕಾರವಿಲ್ಲ, ಹೆಸರಿಲ್ಲ. “ಅದು ಮೆಣಸಿನಕಾಯಿ ಅಲ್ಲರಿ. ಹೆಂಟಿ ಬಿಡಿಸಬೇಕು, ಮಣ್ಣ ಅರೀಬಾರದು.”

ನನ್ನ ಎಂಎಸ್ಸಿ ಪದವಿಗೆ ಅದುವರೆಗೆ ಯಾರೂ ಅಷ್ಟು ನೇರವಾಗಿ ಬೈದಿರಲಿಲ್ಲ. ಸಿಟ್ಟು ಬಂತು. ಆದರೆ ಆಕೆ ಹೇಳಿದ್ದು ಸರಿಯಾಗಿತ್ತು, ಅದನ್ನು ನಾನೇ ಪುಸ್ತಕದಲ್ಲಿ ಓದಿ ಅವಸರದಲ್ಲಿ ಮರೆತಿದ್ದೆ. ಮರುವಾರದಿಂದ ಹೆಂಟೆ ಬಿಡಿಸುವುದು, ಜರಡಿ ಹಿಡಿಯುವುದು, ಗಾಜಿನ ಸಾಮಾನು ತೊಳೆಯುವುದು ಎಲ್ಲ ಪರಸವ್ವನ ಪಾಲಿಗೆ ಬಂತು. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಇದು ತಿಕೋಟಾದ್ದು, ಇದು ಡೋಣಿ ಹೊಳೆಯ ದಂಡೆಯದು ಎಂದು ಹೇಳುತ್ತಿದ್ದಳು. ಮೊದಮೊದಲು ನಾನು ಅದನ್ನು ನಂಬದೆ ಚೀಲದ ಚೀಟಿ ನೋಡುತ್ತಿದ್ದೆ, ಆಮೇಲೆ ನೋಡುವುದನ್ನು ಬಿಟ್ಟೆ.

ಆಕೆಯ ತವರು ಬಬಲೇಶ್ವರದ ಹತ್ತಿರ. ಗೊಲ್ಲಾಳಪ್ಪನನ್ನು ಮದುವೆಯಾಗಿ ಇಬ್ರಾಹಿಂಪುರಕ್ಕೆ, ರೈಲು ಹಳಿಯ ಪಕ್ಕದ ಎರಡು ಕೋಣೆಯ ಮನೆಗೆ ಬಂದಳು. ಗೊಲ್ಲಾಳಪ್ಪ ಹಮಾಲಿ ಮಾಡುತ್ತಿದ್ದ. ಇಟ್ಟಂಗಿಹಾಳದಲ್ಲಿ ಮನೆತನದ ನಾಲ್ಕು ಎಕರೆ ಕಪ್ಪು ಎರಿ ಮಣ್ಣಿನ ಹೊಲ ಇತ್ತು. ಅಣ್ಣನಿಗೆ ಎರಡು, ತಮ್ಮ ಪರಮೇಶ್ವರನಿಗೆ ಎರಡು ಎಂದು ಬಾಯಿಮಾತಿನಲ್ಲಿ ಹಂಚಿಕೊಂಡಿದ್ದರು, ಕಾಗದದಲ್ಲಿ ಇಂದಿಗೂ ಅದು ಒಂದೇ ಹೊಲ. ಗೊಲ್ಲಾಳಪ್ಪ ತೀರಿಕೊಂಡು ಹತ್ತು ವರ್ಷವಾಗಿದೆ. ಅವನು ಹೋದಾಗ ಹೊಲ ಹೇಗಿತ್ತೆಂದು ಕೇಳಿದರೆ, “ಕಾಲಿಟ್ರ ಸಿಮೆಂಟಿನ ಕಟ್ಟಿ ಮ್ಯಾಲೆ ಇಟ್ಟಂಗ ಆಗ್ತಿತ್ತರಿ” ಎನ್ನುತ್ತಾಳೆ.

ಆ ದಿನಗಳಲ್ಲಿ ಆಕೆ ತಿಕೋಟಾದ ಒಂದು ಒಣದ್ರಾಕ್ಷಿ ಶೆಡ್ಡಿಗೆ ಕೂಲಿಗೆ ಹೋಗುತ್ತಿದ್ದಳು. ಒಣಗಿದ ಗೊಂಚಲಿನಿಂದ ಹಣ್ಣು ಬಿಡಿಸುವುದು, ತೊಟ್ಟು ಬೇರೆ ಮಾಡುವುದು ಅಲ್ಲಿನ ಕೆಲಸ. ತೊಟ್ಟನ್ನು ಶೆಡ್ಡಿನ ಹಿಂದೆ ಗುಡ್ಡೆ ಹಾಕಿ ಸುಡುತ್ತಿದ್ದರು. ಪರಸವ್ವ ಅದನ್ನು ಕೇಳಿ ಪಡೆದು, ದಿನಕ್ಕೊಂದು ಚೀಲ ತುಂಬಿಕೊಂಡು ಟಂಟಂ ಆಟೋ ಹತ್ತುತ್ತಿದ್ದಳು. ಚೀಲಕ್ಕೂ ಒಂದು ಸೀಟಿನ ಬಾಡಿಗೆ ಕೊಡಬೇಕೆಂದು ಡ್ರೈವರ್ ತಕರಾರು ಮಾಡಿದರೆ ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲೆ ಕೂಡಿಸಿಕೊಳ್ಳುತ್ತಿದ್ದಳಂತೆ. ದ್ರಾಕ್ಷಿ ತೊಟ್ಟು, ತೊಗರಿ ಎಲೆ, ಜೋಳದ ಕೂಳೆ, ಓಣಿಯ ಎಮ್ಮೆಗಳ ಸಗಣಿ, ಮದುವೆ ಮನೆಗಳ ಬಾಳೆಲೆ ಎಲ್ಲವೂ ಆ ಎರಡು ಎಕರೆಗೆ ಹೋದವು. ಓಣಿಯವರು ಕಸದ ಪರಸವ್ವ ಎಂದು ಹೆಸರಿಟ್ಟರು. ಆಕೆ ಆ ಹೆಸರಿಗೂ ಓ ಎನ್ನುತ್ತಿದ್ದಳು.

ಕಳೆದ ವರ್ಷ ಜೋಳದ ರಾಶಿ ಮುಗಿದ ಮೇಲೆ ಈ ಹೊಲಕ್ಕೆ ಕುತ್ತು ಬಂತು. ತಿಕೋಟಾದ ಬಸಗೊಂಡಪ್ಪ ಎಂಬ ಬೆಳೆಗಾರರು ಕಲ್ಲುಭೂಮಿಯ ಮೇಲೆ ಹೊಸ ದ್ರಾಕ್ಷಿ ತೋಟ ಮಾಡಲು ಮಣ್ಣು ಹುಡುಕುತ್ತಿದ್ದರು. ನಮ್ಮ ಕಡೆ ಇದೇನು ಹೊಸದಲ್ಲ. ಬೇರೆ ಹೊಲದ ಮೇಲ್ಮಣ್ಣನ್ನು ಟಿಪ್ಪರಿನಲ್ಲಿ ಹೊತ್ತು ತಂದು, ಬಂಡೆಯ ಮೇಲೆ ಹಾಸಿ ಬಳ್ಳಿ ಹಚ್ಚುತ್ತಾರೆ. ಇಟ್ಟಂಗಿಹಾಳದ ನಾಲ್ಕೂ ಎಕರೆ ಒಟ್ಟಿಗೆ ಸಿಕ್ಕರೆ ಮಾತ್ರ ತೆಗೆದುಕೊಳ್ಳುತ್ತೇನೆ ಎಂದರು ಬಸಗೊಂಡಪ್ಪ. ಒಂದೂವರೆ ಅಡಿ ಮಣ್ಣು ಹೋದರೆ ಕೆಳಗೆ ಉಳಿಯುವುದು ಗರಸು ಕಲ್ಲು ಮಾತ್ರ. ಪರಮೇಶ್ವರನಿಗೆ ಮನಸ್ಸಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅವನು ಕೆಟ್ಟವನೇನಲ್ಲ, ಎಂಜಿನ್ನಿನ ಹಾಗೆ ಎಲ್ಲವನ್ನೂ ಬಿಚ್ಚಿ ನೋಡಿಯೇ ನಂಬುವ ಪೈಕಿ. ಅತ್ತಿಗೆಯನ್ನು, ಅವನ ಮಾತಿನಲ್ಲಿ ವೈನಿಯನ್ನು, ಒಪ್ಪಿಸಲೆಂದು ನೇರವಾಗಿ ಲ್ಯಾಬಿಗೇ ಬಂದ.

“ವೈನಿ, ಅದು ಸತ್ತ ಮಣ್ಣ ಐತ್ರಿ. ಗೊಬ್ಬರ ಚೀಲ ಹಾಕಿದಷ್ಟ ಬೆಳಿತೈತಿ, ಹಾಕದಿದ್ರ ಮಕ್ಕೊಂತೈತಿ. ನನ್ನ ಪಾಲಂತೂ ನಾ ನೋಡೇನಿ. ಬಾಜೂ ಹೊಲಕ್ಕ ಲೇಔಟಿನ ಕಲ್ಲ ಬಂದಾವು. ನಾಳಿ ಹೆಂಗೂ ಮನಿ ಏಳತಾವ, ಮಣ್ಣಾರ ಯಾರಿಗರ ಉಪಯೋಗ ಆಗಲಿ.”

“ನಂದು ಸತ್ತಿಲ್ಲ ಯಪ್ಪಾ.”

“ನಿಮಗ ಹಂಗ ಅನಸತೈತ್ರಿ.”

“ಅನಸೂದಲ್ಲ. ಅದು ಉಸರಾಡತೈತಿ.”

ಅವನು ನನ್ನ ಕಡೆ ತಿರುಗಿ ನಕ್ಕ. “ಕೇಳಿದ್ರೇನ್ರಿ ಮೇಡಮ್ಮಾರ? ಮಣ್ಣ ಉಸರಾಡತೈತಂತ!”

ಸುಮ್ಮನಿರುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಉಸಿರಾಡುತ್ತದೆ, ಅದನ್ನು ಅಳೆಯಲೂ ಬರುತ್ತದೆ ಎಂದೆ. ದೊಡ್ಡ ಗಾಜಿನ ಭರಣಿಯಲ್ಲಿ ಹಸಿಮಣ್ಣು ಹಾಕಿ, ಒಳಗೆ ಸಣ್ಣ ಬಟ್ಟಲಲ್ಲಿ ಕಾಸ್ಟಿಕ್ ಸೋಡಾದ ನೀರಿಟ್ಟು ಬಿಗಿಯಾಗಿ ಮುಚ್ಚಬೇಕು. ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಿಗಳು ಬಿಟ್ಟ ಉಸಿರನ್ನು ಆ ನೀರು ಹೀರಿಕೊಳ್ಳುತ್ತದೆ. ಮರುದಿನ ಅದಕ್ಕೆ ಬಣ್ಣದ ಹನಿ ಹಾಕಿದರೆ ಗುಲಾಬಿಯಾಗುತ್ತದೆ. ಮೇಲಿಂದ ಹನಿಹನಿಯಾಗಿ ಆಮ್ಲ ಬಿಡುತ್ತ ಹೋಗಬೇಕು, ಗುಲಾಬಿ ಬಣ್ಣ ಬೇಗ ಮಾಯವಾದಷ್ಟೂ ಮಣ್ಣು ಜೋರಾಗಿ ಉಸಿರಾಡಿದೆ ಎಂದರ್ಥ. ಪರಮೇಶ್ವರ ನಗುವುದನ್ನು ನಿಲ್ಲಿಸಿ ಭರಣಿಯ ರಬ್ಬರ್ ವಾಷರನ್ನು ಪರೀಕ್ಷಿಸಿದ.

“ಎಷ್ಟ ಬಂದ್ರ ಜೀವಂತ ಅಂತೀರಿ?”

“ಇಪ್ಪತ್ತು,” ಎಂದೆ, ಅಂದರೆ ಒಂದು ಕಿಲೋ ಮಣ್ಣು ಒಂದು ದಿನದಲ್ಲಿ ಬಿಡುವ ಉಸಿರು, ಮಿಲಿಗ್ರಾಂ ಲೆಕ್ಕದಲ್ಲಿ. ಸಂತೆಯಲ್ಲಿ ಬದನೆಕಾಯಿ ಮಾರುವವಳ ಹಾಗೆ ಹಿಂದೆ ಮುಂದೆ ನೋಡದೆ ಹೇಳಿಬಿಟ್ಟೆ. ಇಪ್ಪತ್ತು ಅಥವಾ ಮೇಲೆ ಬಂದರೆ ಹೊಲ ಉಳಿಯಬೇಕು, ಕಡಿಮೆ ಬಂದರೆ ಟಿಪ್ಪರ್ ಬರಬೇಕು ಎಂದು ಅವನು ಕರಾರು ಹಾಕಿದ. ಪರಸವ್ವ ಒಂದು ಗಳಿಗೆಯೂ ಯೋಚಿಸದೆ “ಆತು” ಎಂದಳು. ಹೆದರಿದವಳು ನಾನು.

ಲ್ಯಾಬಿನಲ್ಲಿ ಕಾಸ್ಟಿಕ್ ಸೋಡಾ ಮುಗಿದಿತ್ತು. ಹುಬ್ಬಳ್ಳಿಯಿಂದ ಪಾರ್ಸಲ್ ಬರಲು ಎಂಟು ದಿನ ಹಿಡಿಯಿತು. ಮೊದಲ ದಿನವೇ ಪರಸವ್ವ ಹೊಲದ ಐದು ಕಡೆಯಿಂದ, ನಾಲ್ಕು ಬೆರಳು ಕೆಳಗಿನ ಹಸಿಮಣ್ಣು ತಂದಳು. ಫ್ರಿಜ್ಜಿನಲ್ಲಿಡು ಎಂದು ಹೇಳಿ ನಾನು ಬೇರೆ ಕೆಲಸಕ್ಕೆ ಬಿದ್ದೆ. ನಮ್ಮದು ಒಂದೇ ಬಾಗಿಲಿನ ಹಳೆಯ ಫ್ರಿಜ್. ಮಣ್ಣಿನ ಚೀಲಗಳನ್ನು ನಡುವಿನ ಖಾನೆಯಲ್ಲಿ ಇಡುವುದು ಪದ್ಧತಿ, ಅದು ಪರಸವ್ವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಪಾರ್ಸಲ್ ಬಂದ ಮರುದಿನ ಭರಣಿ ಮುಚ್ಚಿದೆವು. ಅದರ ಮರುದಿನ ಪರಮೇಶ್ವರ ಡಿಪೋಗೆ ರಜೆ ಹಾಕಿ ಬಂದು ಮೇಜಿನ ಆಚೆ ನಿಂತ. ನಾನು ಆಮ್ಲದ ನಳಿಕೆ ತಿರುಗಿಸಿದೆ. ಇನ್ನೂ ಅಷ್ಟು ದೂರ ಹೋಗಬೇಕು ಅಂದುಕೊಳ್ಳುತ್ತಿರುವಾಗಲೇ ಗುಲಾಬಿ ಬಣ್ಣ ಮಾಯವಾಗಿ ನೀರು ತಿಳಿಯಾಯಿತು. ಲೆಕ್ಕ ಹಾಕಿದೆ, ಅರವತ್ತೊಂದು. ತಪ್ಪಿರಬೇಕೆಂದು ಅದೇ ಮಣ್ಣಿನ ಎರಡನೇ ಭರಣಿಯ ಬಟ್ಟಲು ತೆಗೆದೆ, ಅದೂ ಅಷ್ಟೇ. ನಮ್ಮ ಬಿಸಿಲುನಾಡಿನ ಮಣ್ಣಿನಲ್ಲಿ ಅಂಥ ಉಸಿರನ್ನು ನಾನು ಕಂಡಿರಲಿಲ್ಲ. ಪರಸವ್ವ ಭರಣಿಗೆ ಕೈ ಮುಗಿದಳು. ಪರಮೇಶ್ವರ ವರದಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗಿಟ್ಟು, ನಮ್ಮ ಎದುರಿಗೇ ಬಸಗೊಂಡಪ್ಪನವರಿಗೆ ಫೋನ್ ಹಚ್ಚಿ, “ನಮ್ಮ ಮಣ್ಣ ಬ್ಯಾಡ್ರಿ ಸಾವಕಾರ್ರ, ಬ್ಯಾರೆ ನೋಡ್ಕೋರಿ” ಎಂದ. ಕೊಟ್ಟ ಮಾತಿಗೆ ನಿಂತ.

ಎರಡು ದಿನದ ಮೇಲೆ ಪರಸವ್ವ ಫ್ರಿಜ್ ಒರೆಸುತ್ತಿದ್ದಳು. ಒರೆಸುವ ಬಟ್ಟೆ ಹಿಡಿದೇ ನನ್ನ ಹತ್ತಿರ ಬಂದಳು.

“ಬಾಯಾರ, ಮಣ್ಣ ಕಲ್ಲಾಗಿ ಮತ್ತ ಕರಗಿದ್ರ ಅದಕ್ಕ ಏನರ ಆಗತೈತೇನ್ರಿ?”

“ಯಾವ ಮಣ್ಣು?”

“ನಂದರಿ.”

“ಎಲ್ಲಿ ಇಟ್ಟಿದ್ದಿ ಬೇ?”

“ನಡಕಿನ ಖಾನ್ಯಾಗ ಮಂದಿ ಮಣ್ಣ ಇದ್ವರಿ. ಅವುಗಳ ಮ್ಯಾಲೆ ನಿಮ್ಮ ಊಟದ ಡಬ್ಬಿ. ನಮ್ಮ ಭೂಮಿತಾಯಿನ ಎಂಜಲ ಡಬ್ಬಿ ಕೆಳಗ ಹೆಂಗ ಇಡ್ಲಿರಿ? ಮ್ಯಾಲಿನ ಖಾನಿ ಸ್ವಚ್ಛ ಇತ್ತು. ದೇವರ ಜಗಲಿ ಮ್ಯಾಲೆ ಇಟ್ಟಂಗ ಇಟ್ಟೆ.”

ಮೇಲಿನ ಖಾನೆ ಎಂದರೆ ಮಂಜುಗಡ್ಡೆಯ ಖಾನೆ. ಆರು ವರ್ಷದಲ್ಲಿ ಸಾವಿರ ಜನರ ಮಣ್ಣನ್ನು ಸರಿಯಾದ ಜಾಗದಲ್ಲಿಟ್ಟವಳು ತನ್ನ ಹೊಲದ ಮಣ್ಣನ್ನು ಭಕ್ತಿಯಿಂದ ಅಲ್ಲಿಟ್ಟಿದ್ದಳು! ಅದೂ ಸಾಲದೆಂದು ಆ ವಾರವಿಡೀ ಕೇಬಲ್ ಹಾಕಲು ರಸ್ತೆ ಅಗೆದು, ಬೆಳಗಿನಿಂದ ಸಂಜೆಯವರೆಗೆ ಕರೆಂಟ್ ತೆಗೆದಿದ್ದರು. ಮಾರ್ಚ್ ತಿಂಗಳ ಸೆಕೆ ಬೇರೆ. ಅಂದರೆ ಆ ಮಣ್ಣು ಎಂಟು ದಿನ ರಾತ್ರಿ ಕಲ್ಲಾಗಿದೆ, ಹಗಲು ಕೆಸರಾಗಿದೆ. ನಾನು ಕೂಗಾಡಿದ್ದು ಕೆಳಗಿನ ಮೊಬೈಲ್ ಅಂಗಡಿಗೂ ಕೇಳಿಸಿತಂತೆ. ಪರಸವ್ವ ನಾನು ಮುಗಿಸುವವರೆಗೆ ಕಾದು, “ಈಗ ಏನಾಗಿರತೈತಿ ಅನ್ನೂದ ಹೇಳ್ರಿ” ಎಂದಳು.

ಹೇಳಿದೆ. ನೀರು ಗಡ್ಡೆಯಾದರೆ ಉಬ್ಬುತ್ತದೆ. ಹೆಂಟೆಯೊಳಗಿನ ಕೂದಲೆಳೆಯಂಥ ಸಂದುಗಳಲ್ಲಿ ಕೂತ ನೀರು ಉಬ್ಬಿ, ಹೆಂಟೆಯನ್ನು ಒಳಗಿನಿಂದ ಸೀಳುತ್ತದೆ. ಅಲ್ಲಿ ವರ್ಷಗಟ್ಟಲೆ ಯಾರ ಕೈಗೂ ಸಿಗದೆ ಅಡಗಿದ್ದ ಎಲೆಯ, ಬೇರಿನ, ತೊಟ್ಟಿನ ಸತ್ವ ಬಯಲಿಗೆ ಬೀಳುತ್ತದೆ. ಜೀವಿಗಳಲ್ಲಿ ಎಷ್ಟೋ ಮೈ ಒಡೆದು ಸಾಯುತ್ತವೆ. ಹಿಮ ಬೀಳುವ ದೇಶಗಳಲ್ಲಿ ಇದು ಪ್ರತಿ ವರ್ಷದ ಪಾಡು, ಅಲ್ಲಿನ ಜೀವಿಗಳಿಗೆ ಅಷ್ಟಿಷ್ಟು ರೂಢಿ ಇರುತ್ತದೆ. ಇಟ್ಟಂಗಿಹಾಳದ ಮಣ್ಣಿಗೆ ಮಂಜುಗಡ್ಡೆ ಎಂದರೇನು ಗೊತ್ತು? ಕರಗಿದ ಕೂಡಲೇ ಬದುಕುಳಿದವು ಎದ್ದು, ಹೊರಬಿದ್ದ ಸತ್ವವನ್ನೂ ಸತ್ತವುಗಳ ಮೈಯನ್ನೂ ತಿನ್ನುತ್ತವೆ. ಗಬಗಬ ತಿಂದು ಜೋರಾಗಿ ಉಸಿರು ಬಿಡುತ್ತವೆ. ಮುಂದೆ ಬೆಳೆಗೆ ಆಗಬೇಕಾದದ್ದು ಒಂದೇ ದಿನದಲ್ಲಿ ಗಾಳಿಗೆ ಹೋಗುತ್ತದೆ.

ಪರಸವ್ವ ಸ್ಟೂಲಿನ ಮೇಲೆ ಕುಳಿತಳು. “ಅಂದ್ರ ಆ ಅರವತ್ತೊಂದು ಅನ್ನೂದು ತಿಥಿ ಊಟೇನ್ರಿ?”

ಹೌದು ಎಂದೆ. ಅದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಈಗ ನನ್ನ ಸಣ್ಣತನವನ್ನೂ ಹೇಳಿಬಿಡುತ್ತೇನೆ. ವರದಿಯ ಕೆಳಗೆ ನನ್ನ ಸಹಿ ಇತ್ತು. ಟಿಪ್ಪರ್ ನಿಂತಿದೆ, ಹೊಲ ಉಳಿದಿದೆ, ಫ್ರಿಜ್ಜಿನ ವಿಷಯ ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಬಿಡು ಎಂದೆ. ಪರಸವ್ವ ನನ್ನನ್ನು ನೋಡಿದ ನೋಟಕ್ಕೆ ನಾನು ಕಪಾಟಿನ ಕಡೆ ತಿರುಗಬೇಕಾಯಿತು.

“ನಮ್ಮ ಮನಿಯವ್ರು ದವಾಖಾನ್ಯಾಗ ಇದ್ದಾಗ ಪರಮೇಶ್ವರ ಹದಿನೆಂಟ ದಿನ ಹೊರಗ ಕಟ್ಟಿ ಮ್ಯಾಲೆ ಮಲಗ್ಯಾನರಿ. ಅಂವಂದೂ ಎರಡ ಎಕರೆ ಐತಿ, ನನ್ನ ಸಲುವಾಗಿ ಅಂವ ಆ ವ್ಯವಹಾರ ಬಿಟ್ಟಾನ. ಅಂವಗ ಸುಳ್ಳ ಹೇಳಿ ಉಳಿಸಿಕೊಂಡ ಹೊಲದಾಗ ನಾ ಬೀಜ ಹೆಂಗ ಊರ್ಲಿ? ಫೋನ್ ಹಚ್ರಿ.”

ಹಚ್ಚಿದೆ. ಪರಮೇಶ್ವರ ಬಂದ, ಕೇಳಿದ, ಬೈಯಲಿಲ್ಲ. ತಾನೇ ಹೊಲಕ್ಕೆ ಹೋಗಿ, ವೈನಿ ತೋರಿಸಿದ ಐದು ಕಡೆಯಿಂದ ಮಣ್ಣು ತಂದ. ಅವತ್ತೇ ಭರಣಿ ಮುಚ್ಚಿದೆವು. ಮರುದಿನ ಗುಲಾಬಿ ಬಣ್ಣ ನಿಧಾನವಾಗಿ, ತುಂಬಾ ನಿಧಾನವಾಗಿ ಹೋಯಿತು. ಹದಿನೇಳು.

ಮೂರು ಕಡಿಮೆ. ಮೂರೇ ಮೂರು. ಪರಸವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಂತಳು, ಅಳಲಿಲ್ಲ. ನನಗೆ ಅಳು ಬಂತು. ಪರಮೇಶ್ವರನಿಗೂ ಗೆದ್ದ ಮುಖವಿರಲಿಲ್ಲ. “ಸೋಮವಾರ ಟಿಪ್ಪರ್ ಬರಾಕ ಹೇಳ್ತೇನ್ರಿ,” ಎಂದು ಬಾಗಿಲವರೆಗೆ ಹೋದವನು ತಿರುಗಿ, “ವೈನಿ, ನೀವು ಹೇಳದಿದ್ರ ನನಗ ಗೊತ್ತ ಆಗತಿದ್ದಿಲ್ಲರಿ” ಎಂದ.

ಮರುದಿನ ಬೆಳಿಗ್ಗೆ ಬೇರೆ ಯಾರದೋ ನೀರು ಪರೀಕ್ಷೆ ಮಾಡುತ್ತಿದ್ದವಳು ಅರ್ಧಕ್ಕೆ ಕೈಬಿಟ್ಟೆ. ತಿಥಿ ಊಟ ಅರವತ್ತೊಂದು ಆಗಬೇಕಾದರೆ ಸತ್ತವರು ಎಷ್ಟಿರಬೇಕು? ಸತ್ತವರು ಅಷ್ಟಿದ್ದರೆ ಮೊದಲು ಬದುಕಿದ್ದವರು ಎಷ್ಟು? ಅಷ್ಟನ್ನೂ ಒಂದೇ ದಿನದಲ್ಲಿ ತಿಂದು ಮುಗಿಸಲು ಉಳಿದವರು ಎಷ್ಟು? ಮಣ್ಣಿನ ಜೀವಿಗಳನ್ನು ಬೇಕೆಂದೇ ಕೊಂದು, ಆಮೇಲೆ ಬರುವ ಉಸಿರಿನಿಂದ ಅವು ಎಷ್ಟಿದ್ದವೆಂದು ಅಂದಾಜು ಮಾಡುವ ವಿಧಾನವೇ ಇದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿ, ಪಾಸಾದ ಮೇಲೆ ಮರೆತಿದ್ದೆ. ನಾನು ಬಾಯಿಗೆ ಬಂದಂತೆ ಹೇಳಿದ ಇಪ್ಪತ್ತು ಎಂಬುದು ಮಣ್ಣು ಅವತ್ತು ಎಷ್ಟು ದುಡಿಯಿತು ಎಂಬುದರ ಅಳತೆ. ಒಳಗೆ ಎಷ್ಟು ಜೀವವಿದೆ ಎಂಬುದರ ಅಳತೆ ಅದಲ್ಲ. ರಾಶಿ ಮುಗಿದ ಹೊಲ, ಬೇರಿಲ್ಲ, ಮಳೆಯಿಲ್ಲ, ಒಳಗಿನವು ಮೆಲ್ಲಗೆ ಉಸಿರಾಡಿಕೊಂಡು ಕಾಲ ಕಾಯುತ್ತಿದ್ದವು. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ ಗಾಜಿನ ಬಟ್ಟಲೊಂದು ಒಡೆಯಿತು.

ಪರಮೇಶ್ವರನಿಗೆ ಫೋನ್ ಮಾಡಿದೆ. “ನನಗ ನಾಕ ದಿವಸ ಕೊಡ್ರಿ. ನಿಮ್ಮ ಪಾಲಿನ ಮಣ್ಣೂ ಒಂದ ಚೀಲ ತರ್ರಿ.” ಅವನು ಟಿಪ್ಪರನ್ನು ವಾರ ಮುಂದೆ ಹಾಕಿಸಿದ. ಬಿಚ್ಚಿ ನೋಡುವ ಚಟ ಅವನನ್ನು ಬಿಡಲಿಲ್ಲ ಎಂದು ಕಾಣುತ್ತದೆ.

ಈ ಸಲ ಎರಡೂ ಹೊಲದ ಮಣ್ಣನ್ನು ಬೇಕೆಂದೇ ಮೇಲಿನ ಖಾನೆಯಲ್ಲಿಟ್ಟೆವು. ಮೂರು ರಾತ್ರಿ ಕಲ್ಲು ಮಾಡಿದೆವು, ಮೂರು ಹಗಲು ಕಿಟಕಿಯ ಕಟ್ಟೆಯ ಮೇಲಿಟ್ಟು ಕರಗಿಸಿದೆವು. ಪರಸವ್ವ ಪ್ರತಿ ಸಲ ಚೀಲ ಮೇಲಿಡುವಾಗ “ತಪ್ಪಾತು ತಾಯಿ” ಎಂದು ಗಲ್ಲ ಬಡಿದುಕೊಳ್ಳುತ್ತಿದ್ದಳು. ಮಂಜು ಸೀಳಿದ ಹೆಂಟೆಗಳನ್ನು ನಾನು ಭೂತಗನ್ನಡಿಯಲ್ಲಿ ನೋಡಿದೆ. ಅಣ್ಣತಮ್ಮಂದಿರ ಹೊಲಗಳ ನಡುವೆ ಇರುವುದು ಮೊಣಕಾಲೆತ್ತರದ ಬದು ಒಂದೇ. ಆದರೆ ಪರಸವ್ವನ ಮಣ್ಣಿನ ಹೆಂಟೆ ಬಿರಿದಲ್ಲೆಲ್ಲ ಕಪ್ಪು ಚೂರು, ನಾರು, ಸಣ್ಣ ಬಿಳಿ ಎಳೆಗಳು ಕಂಡವು. ವರ್ಷಗಟ್ಟಲೆ ತೊಡೆಯ ಮೇಲೆ ಕೂತು ಬಂದ ತೊಟ್ಟುಗಳು ಮಣ್ಣಿನ ಮಡಿಲಲ್ಲಿ ಇನ್ನೂ ಇದ್ದವು. ಪರಮೇಶ್ವರನ ಮಣ್ಣು ಬಿರಿದಲ್ಲಿ ಮಣ್ಣೇ ಇತ್ತು.

ಭರಣಿಗಳನ್ನು ತೆರೆಯುವ ದಿನ ಮೂವರೂ ಮೇಜಿನ ಸುತ್ತ ನಿಂತೆವು. ಮೊದಲು ಪರಮೇಶ್ವರನ ಮಣ್ಣು. ಹನಿ ಬೀಳುತ್ತ ಹೋಯಿತು, ಗುಲಾಬಿ ಬಣ್ಣ ಕದಲಲೇ ಇಲ್ಲ. ಕೊನೆಗೆ ಹೋದಾಗ ಬಂದದ್ದು ಹನ್ನೆರಡು. ಆಮೇಲೆ ಪರಸವ್ವನದು. ಕೆಲವೇ ಹನಿಗೆ ಬಣ್ಣ ಹಾರಿಹೋಯಿತು. ಐವತ್ತೆಂಟು. ಮೊದಲೇ ಊಹಿಸಿದ್ದರೂ ಇನ್ನೊಂದು ಸಲ ಲೆಕ್ಕ ಹಾಕಿದೆ. ಒಂದು ಮುಷ್ಟಿ ಮಣ್ಣಿನಲ್ಲಿ ಇಷ್ಟೊಂದು ಸಾವು, ಅದರ ಮೇಲೆ ಇಷ್ಟೊಂದು ಬದುಕು. ಇದರ ಮುಂದೆ ನನ್ನ ಸಿಟ್ಟು, ನನ್ನ ಸಹಿ, ನನ್ನ ಇಪ್ಪತ್ತು ಎಲ್ಲ ಎಷ್ಟು ಸಣ್ಣವು ಅನ್ನಿಸಿತು.

ಪರಮೇಶ್ವರ ಎರಡು ಬಟ್ಟಲನ್ನೂ ಬೆಳಕಿಗೆ ಹಿಡಿದು ನೋಡಿದ. ವೈನಿಯದನ್ನು ಕೆಳಗಿಟ್ಟು ತನ್ನದನ್ನೇ ನೋಡುತ್ತ ಉಳಿದ.

“ಎರಡೂ ಒಂದ ಥಂಡ್ಯಾಗ ಇದ್ವು. ನನ್ನ ಮಣ್ಣಾಗ ಯಾರೂ ಸತ್ತಿಲ್ಲೇನ್ರಿ ಮೇಡಮ್ಮಾರ?”

ನನಗಿಂತ ಮೊದಲು ಪರಸವ್ವನೇ ಮೆಲ್ಲಗೆ ಹೇಳಿದಳು. “ಸಾಯಾಕ ಮೊದಲ ಯಾರರ ಇರಬೇಕಲ್ಲೋ ಯಪ್ಪಾ.”

ಅವನು ಬಟ್ಟಲನ್ನು ಮೇಜಿನ ಮೇಲಿಟ್ಟ. ಡಿಪೋದ ಎಣ್ಣೆ ಹತ್ತಿದ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಬಸಗೊಂಡಪ್ಪನವರಿಗೆ ಎರಡನೇ ಸಲ ಬೇಡ ಎಂದು ಹೇಳುವುದು ಸುಲಭವಲ್ಲ ಎಂದು ನನಗೂ ಗೊತ್ತಿತ್ತು. ಹೇಳಿದ. ಆ ಕಡೆಯಿಂದ ಬಂದ ಬೈಗುಳವನ್ನೆಲ್ಲ “ಹೌದ್ರಿ, ತಪ್ಪ ನಂದರಿ” ಎಂದು ಕೇಳಿಸಿಕೊಂಡು ಫೋನ್ ಇಟ್ಟ. ಆಮೇಲೆ ವೈನಿಯ ಮುಖ ನೋಡಲಾಗದೆ ಅವಳ ಭರಣಿಯ ಕಡೆ ನೋಡುತ್ತ ಕೇಳಿದ.

“ವೈನಿ, ನಿಮ್ಮ ಹೊಲದಾಗಿಂದು ಒಂದ ಬುಟ್ಟಿ ಮಣ್ಣ ಕೊಡ್ತೀರೇನ್ರಿ? ನನ್ನ ಹೊಲಕ್ಕ ಹೆಪ್ಪ ಹಾಕಾಕ.”

ಟಿಪ್ಪರುಗಟ್ಟಲೆ ಒಯ್ಯಲು ಬಂದಿದ್ದವನು ಬುಟ್ಟಿಯೊಂದಕ್ಕೆ ಕೈಯೊಡ್ಡಿ ನಿಂತಿದ್ದ. ಅಷ್ಟು ದಿನ ತಡೆದುಕೊಂಡಿದ್ದ ಪರಸವ್ವ ಆಗ ಅತ್ತಳು. ಅಳುತ್ತಲೇ ಮೂಗು ಸೀಟಿಕೊಂಡು, ಮೊದಲ ದಿನ ನನ್ನ ಮೇಲೆ ಹಾಕಿದ ಅದೇ ಜೋರಿನಲ್ಲಿ ಅವನಿಗೂ ಹೇಳಿದಳು.

“ಒಂದ ಬುಟ್ಟಿ ಯಾಕಲೇ, ಬಂಡಿ ತಗೊಂಡ ಬಾ. ಬಿಸಲ ಏರೂದ್ರೊಳಗ ಬಾ ಮತ್ತ, ಒಳಗಿನವ್ರು ತಾಳೂದಿಲ್ಲ.”